ಖಂಡೆ ಪೂಜೆಯ ದಿನ ಕಾಣೆಯಾದ ಗಿಟಾರು

ಸೊಳ್ಳೆಯೊಂದು ಕಿವಿಯ ಹತ್ತಿರವೇ ಬಂದು ಹಾಡಿದರೂ ನನಗೆ ಕೇಳಿಸಲಿಲ್ಲ. ಕಚ್ಚಿದ ಮೇಲೆ ಗೊತ್ತಾಯಿತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಗಿರಿಜಾಳನ್ನು, "ನಿನಗ ಇದರ ಸಪ್ಪಳ ಕೇಳಸ್ತೇನ?" ಎಂದು ಕೇಳಿದೆ. "ಆವಾಗಿಂದ ಗುಂಯ್ ಅನ್ನಾಕತ್ತೈತಿ. ನಿಮಗ ಕೇಳಸಲಿಲ್ಲೇನ್ರಿ?" ಎಂದಳು. ಕಿವಿಯಿಂದ ಅನ್ನ ತಿನ್ನುವವನಿಗೆ ಇದಕ್ಕಿಂತ ಸ್ಪಷ್ಟವಾದ ನಿವೃತ್ತಿ ಆದೇಶ ಇನ್ನೊಂದಿಲ್ಲ. ಕೈಯಲ್ಲಿದ್ದ ನಾಲ್ಕು ಹಾಡುಗಳನ್ನು ಮುಗಿಸಿಕೊಟ್ಟು, ಅನಗೋಳದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದ ಯಂತ್ರಗಳಿಗೆ ಹಳೆಯ ಚಾದರ ಹೊದಿಸಿದೆ. ಶಾಲು, ಹಾರ ಏನೂ ಇರಲಿಲ್ಲ. ಗಿರಿಜಾ ಸಿಹಿಗೆಂದು ಸಜ್ಜಕ ಮಾಡಿದ್ದಳು.

ನಾನು ಮಾಡುತ್ತಿದ್ದ ಕೆಲಸಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಜನ ಮನೆಯಲ್ಲೇ ಹಾಡು, ಡ್ರಮ್, ಗಿಟಾರುಗಳನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ತಂದುಕೊಡುತ್ತಿದ್ದರು. ಒಂದನ್ನೊಂದು ತುಳಿಯದ ಹಾಗೆ ಅವನ್ನು ಹದವಾಗಿ ಕೂಡಿಸಿ ಒಂದು ಹಾಡು ಮಾಡಿಕೊಡುವುದು ನನ್ನ ಕೆಲಸ. ನನ್ನ ಅತ್ತೆ ಕೊನೆಯವರೆಗೂ ನಾನು ಅಡುಗೆಮನೆಯ ಮಿಕ್ಸರ್ ರಿಪೇರಿ ಮಾಡುವವನೆಂದೇ ನಂಬಿದ್ದರು. ಎರಡು ಸಲ ತಂದೂ ಕೊಟ್ಟಿದ್ದರು. ಒಂದನ್ನು ಸರಿಮಾಡಿದೆ.

ಈ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಮನೆಗೆ ಬರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಕಾಕಾ, ಎಲೆಕ್ಟ್ರಿಕ್ ಗಿಟಾರ್ ದೊಡ್ಡದಾಗಿ ಕೇಳಿಸಬೇಕಂದ್ರ ಏನ್ ಮಾಡಬೇಕ್ರಿ?" ಯಾರಿಗೂ ಹಾಡು ಚೆನ್ನಾಗಿ ಕೇಳಿಸುವುದು ಬೇಡ, ಗಿಟಾರು ದೊಡ್ಡದಾಗಿ ಕೇಳಿಸಬೇಕು. ನಾನು ಒಮ್ಮೆ ಒಂದು ಗಿಟಾರನ್ನು ಎಷ್ಟು ದೊಡ್ಡದು ಮಾಡಿದೆನೆಂದರೆ, ಅದು ಯಾರಿಗೂ ಕೇಳಿಸಲೇ ಇಲ್ಲ. ಆ ಕಥೆಯನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಬಂದವರ ಕೈಗೆ ಕೊಟ್ಟು ಚಹಾ ಕುಡಿಯುತ್ತ ಕೂಡಬಹುದು.

ಮೊದಲು ನಾನು ಕಲಿತ ಜಾಗ. ಬೆಳಗಾವಿಯ ನಡುವೆ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಮಿರಜಕರ ಸಾಹೇಬರ ಸ್ಟುಡಿಯೋ ಇತ್ತು. ಗಿರಣಿ ನಡೆಯುವಾಗ ರೆಕಾರ್ಡಿಂಗ್ ಆಗುತ್ತಿರಲಿಲ್ಲ. ಕರೆಂಟು ಹೋದರೆ ಗಿರಣಿ ನಿಲ್ಲುತ್ತಿತ್ತು, ಆಗ ನಮ್ಮ ಯಂತ್ರವೂ ನಿಲ್ಲುತ್ತಿತ್ತು. ಹೀಗಾಗಿ ಗಿರಣಿಯವನು ಊಟಕ್ಕೆ ಹೋಗುವ ಒಂದು ತಾಸಿನಲ್ಲಿ ಬೆಳಗಾವಿಯ ಸಂಗೀತವೆಲ್ಲ ರೆಕಾರ್ಡ್ ಆಗುತ್ತಿತ್ತು. ಅವನು ಮಗಳ ಮದುವೆಗೆಂದು ಹತ್ತು ದಿನ ರಜೆ ಹಾಕಿದಾಗ ಸಾಹೇಬರು ಎರಡು ಕ್ಯಾಸೆಟ್ ಪೂರ್ತಿ ಮುಗಿಸಿದರು.

ಸಾಹೇಬರು ಹೊಗಳುವವರಲ್ಲ. ಅವರ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಪ್ರಶಂಸೆ "ಕೇಳಬಹುದು" ಎಂಬುದು. ಹನ್ನೊಂದು ವರ್ಷದಲ್ಲಿ ನನಗದು ಮೂರು ಸಲ ಸಿಕ್ಕಿತು. ಒಮ್ಮೆ ಗಿಟಾರಿನವನು ಮೊದಲು ಬಾರಿಸಿದ್ದರ ಜೊತೆ ಕೂಡಿಸಲು ಅದನ್ನೇ ಇನ್ನೊಮ್ಮೆ, ಎರಡನೆಯ ಪದರವಾಗಿ, ಬಾರಿಸುವಾಗ ನಾನು ತಪ್ಪು ಗುಂಡಿ ಒತ್ತಿ, ಅವನು ಮೊದಲು ಬಾರಿಸಿದ್ದರ ಮೇಲೆಯೇ ರೆಕಾರ್ಡ್ ಮಾಡಿಬಿಟ್ಟೆ. ಆಗೆಲ್ಲ ಟೇಪು. ಹೋದದ್ದು ಹೋಯಿತು. ನನ್ನ ಮುಖ ನೋಡಿದ ಸಾಹೇಬರಿಗೆ ಗೊತ್ತಾಯಿತು. ಗಿಟಾರಿನವನಿಗೆ, "ಇಂವ ನಿಂದು ಅಳಿಸ್ಯಾನಪಾ. ತಪ್ಪು ನಮ್ಮದು. ಮತ್ತೊಮ್ಮೆ ಬಾರಸ್ತೀಯೇನು?" ಎಂದು ಕೈ ಜೋಡಿಸಿದರು. ಅವನು ಬೈದುಕೊಂಡೇ ಬಾರಿಸಿದ. ಅವನು ಹೋದ ಮೇಲೆ ಸಾಹೇಬರು ನನಗೆ ಹೇಳಿದ್ದು ಇಷ್ಟೇ: "ಸಂಗ್ಯಾ, ಅಳಿಸಿದ್ದಕ್ಕ ಸಿಟ್ಟಿಲ್ಲ. ಮುಖಾ ಮುಚ್ಕೊಂಡು ನಿಂತಿದ್ದೆಲ್ಲಾ, ಅದಕ್ಕ ಸಿಟ್ಟೈತಿ." ಮೂರು ದಿನ ವಾಯರು ಸುತ್ತುವ ಕೆಲಸ ಕೊಟ್ಟರು.

ಅವರ ಒಂದು ಪದ್ಧತಿ ಇತ್ತು. ಎಷ್ಟೇ ದೊಡ್ಡ ಹಾಡಿರಲಿ, ಮಿಕ್ಸ್ ಮುಗಿದ ಮೇಲೆ ಅದನ್ನು ಒಂದು ಹಳೆಯ ರೇಡಿಯೋದಲ್ಲಿ ಹಾಕಿ ಕೇಳಬೇಕು. ಅದಕ್ಕೆ ಒಂದೇ ಸ್ಪೀಕರು, ಅದೂ ಅಂಗೈಯಷ್ಟು. ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ನಾವು ಅದನ್ನು ಡಬ್ಬಿ ಎನ್ನುತ್ತಿದ್ದೆವು. "ನಿನ್ನ ಹಾಡ ಕೇಳವ್ರು ಈ ಖೋಲಿಯಾಗ ಬಂದು ಕುಂದರಂಗಿಲ್ಲ. ಕಟಿಂಗ್ ಅಂಗಡಿಯಾಗ ಕೇಳ್ತಾರ, ಟೆಂಪೋದಾಗ ಕೇಳ್ತಾರ. ಅಲ್ಲೆ ಇರೂದು ಒಂದ ಸ್ಪೀಕರ್. ಡಬ್ಬಿಯಾಗ ಕೇಳಿಸಿದ್ರ ಖರೇ, ಇಲ್ಲಾಂದ್ರ ಇಲ್ಲ" ಎನ್ನುತ್ತಿದ್ದರು. ಸ್ಟುಡಿಯೋ ಮುಚ್ಚುವಾಗ ಅವರು ಆ ಡಬ್ಬಿಯನ್ನು ನನಗೆ ಕೊಟ್ಟರು. ನಾನು ಮನೆಯಲ್ಲೇ ಕೆಲಸ ಶುರುಮಾಡಿದೆ. ಕೆಲವು ವರ್ಷಗಳ ಮೇಲೆ ಒಳ್ಳೆಯ ಸ್ಪೀಕರುಗಳ ಜೋಡಿ ಬಂತು, ಡಬ್ಬಿ ಅಡುಗೆಮನೆಗೆ ಹೋಯಿತು. ಗಿರಿಜಾ ಅದರಲ್ಲಿ ವಾರ್ತೆ ಕೇಳುತ್ತಿದ್ದಳು.

ಕಂಪ್ಯೂಟರು ಬಂದ ಮೇಲೆ ಪದರಗಳಿಗೆ ಮಿತಿಯೇ ಇಲ್ಲದಂತಾಯಿತು. ಟೇಪಿನಲ್ಲಿ ಜಾಗವಿಲ್ಲವೆಂದು ಜನ ಯೋಚಿಸಿ ಬಾರಿಸುತ್ತಿದ್ದರು. ಈಗ ಬಾರಿಸಿದ ಮೇಲೆ ಯೋಚಿಸುತ್ತಾರೆ, ಅಥವಾ ಯೋಚಿಸಲು ನನ್ನ ಹತ್ತಿರ ಕಳಿಸುತ್ತಾರೆ. ಕಾಕತಿಯ ಒಬ್ಬ ಬ್ಯಾಂಕ್ ನೌಕರರು ಒಂದೇ ಹಾಡಿಗೆ ಹದಿನಾರು ಗಿಟಾರು ತಂದಿದ್ದರು. ಹದಿನಾರಕ್ಕೂ ಒಂದೇ ಗಿಟಾರು, ಒಂದೇ ಗುರಗುಟ್ಟುವ ಧ್ವನಿ. ಎಲ್ಲವನ್ನೂ ಕೂಡಿಸಿದರೆ ಸಾಹೇಬರ ಸ್ಟುಡಿಯೋ ಕೆಳಗಿನ ಗಿರಣಿ ಮತ್ತೆ ಶುರುವಾದಂತಿತ್ತು. ನಾನು ಹನ್ನೆರಡನ್ನು ಸದ್ದಿಲ್ಲದೆ ಮುಚ್ಚಿ, ಉಳಿದ ನಾಲ್ಕರ ತಳದ ಗದ್ದಲ ಕಡಿದು, ಎರಡನ್ನು ಎಡಕ್ಕೆ, ಎರಡನ್ನು ಬಲಕ್ಕೆ ಕೂರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಈಗ ನೋಡ್ರಿ, ಹದಿನಾರೂ ಬ್ಯಾರೆ ಬ್ಯಾರೆ ಕೇಳಸ್ತಾವ" ಎಂದರು. ನಾನು ಹೌದೆಂದೆ.

ಅನಗೋಳದಲ್ಲೇ ಒಬ್ಬ ಸಾಲಿ ಮಾಸ್ತರರು ಮೊದಲನೆಯ ಗಿಟಾರನ್ನು ಬೇಸಿಗೆ ರಜೆಯಲ್ಲಿ, ಎರಡನೆಯದನ್ನು ದೀಪಾವಳಿ ರಜೆಯಲ್ಲಿ ಬಾರಿಸಿದ್ದರು. ನಡುವೆ ಶ್ರುತಿ ಮಾಡಿರಲಿಲ್ಲ. "ತಂತಿ ಮುಟ್ಟಿಲ್ಲರಿ, ಹೆಂಗ ಇಟ್ಟಿದ್ನೋ ಹಂಗ ಐತಿ" ಎಂದು ಹೆಮ್ಮೆಯಿಂದ ಹೇಳಿದರು. ಪದರ ಕಟ್ಟುವವರು ಪ್ರತಿ ಪದರಕ್ಕೂ ಮುನ್ನ ಶ್ರುತಿ ಮಾಡಿಕೊಳ್ಳಬೇಕು, ಒಂದೇ ಗಿಟಾರಿಗೆ ಇಡುವ ಗುರಗುಟ್ಟುವಿಕೆಯನ್ನು ಪದರಗಳಲ್ಲಿ ಅರ್ಧಕ್ಕೆ ಇಳಿಸಬೇಕು. ಇವೆರಡನ್ನೂ ಬಂದವರಿಗೆಲ್ಲ ಹೇಳಿದ್ದೇನೆ. ಯಾರೂ ಕೇಳಿಲ್ಲ. ಕೇಳಿದ್ದರೆ ನನಗೆ ಇಷ್ಟು ವರ್ಷ ಕೆಲಸವಿರುತ್ತಿರಲಿಲ್ಲ.

ಇನ್ನು ಯಲ್ಲಪ್ಪನ ವಿಷಯ.

ಯಲ್ಲಪ್ಪ ಖಾನಾಪುರದವನು. ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಿದ್ದ. ಆ ಬಸ್ಸಿನ ಮೇಲೆಯೇ ಒಂದು ಹಾಡು ಕಟ್ಟಿದ್ದ. ಯಾರು ಕಿಟಕಿ ಬಿಡುವುದಿಲ್ಲ, ಯಾರು ಯಾರ ಹೆಗಲ ಮೇಲೆ ನಿದ್ದೆ ಮಾಡುತ್ತಾರೆ, ಎಲ್ಲ ಅದರಲ್ಲಿತ್ತು. ಹಾಡಿದ್ದು ಅವನ ಹೆಂಡತಿ ರೇಣುಕಾ. ಡ್ರಮ್ ಫೋನಿನದು. ಗಿಟಾರು ಅವನದು, ಎರಡು ಪದರ. ಮನೆಯಲ್ಲಿ ರೇಣುಕಾಳ ಫೋನಿಗೆ ಗಿಟಾರಿನ ವಾಯರನ್ನು ನೇರವಾಗಿ ಸಿಕ್ಕಿಸಿ ಒಂದು ರವಿವಾರ ಮೊದಲನೆಯದನ್ನು, ಮುಂದಿನ ರವಿವಾರ ಎರಡನೆಯದನ್ನು ಬಾರಿಸಿದ್ದ. ಆ ವಾರವೇ ವರ್ಕ್‌ಶಾಪಿನಲ್ಲಿ ಎಡಗೈ ಸಿಕ್ಕಿಹಾಕಿಕೊಂಡಿತು. ಕೈ ಉಳಿಯಿತು, ಆದರೆ ನಡುವಿನ ಎರಡು ಬೆರಳು ಮಡಚುವುದು ನಿಂತಿತು.

ಪೆನ್‌ಡ್ರೈವ್ ಮೇಜಿನ ಮೇಲಿಟ್ಟು ಅವನು ಹೇಳಿದ: "ಕಾಕಾ, ಇನ್ನ ನನಗ ಬಾರಸಾಕ ಆಗಂಗಿಲ್ಲ. ಡಾಕ್ಟರ್ ಖರೇ ಹೇಳ್ಯಾರ. ನಾ ಬಾರಿಸಿದ್ದು ಅಂತ ಇರೂದು ಇದೊಂದ. ಖಂಡೆ ಪೂಜಿ ದಿನಾ ವರ್ಕ್‌ಶಾಪಿನ್ಯಾಗ ಹಚ್ಚೂದೈತಿ. ಹತ್ತ ವರ್ಷದಿಂದ ಅವರ ಮುಂದ ಬರೇ ಬಾಯಿಲೆ ಬಾರಿಸೇನಿ. ಒಮ್ಮೆ ಖರೇನ ಕೇಳ್ಲಿ."

ಅವನ ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಚಹಾ ಕುಡಿಯುವಾಗಲೂ ಹೊರಗೆ ಬರಲಿಲ್ಲ.

ಅವನು ಹೋದ ಮೇಲೆ ಕೇಳಿದೆ. ಮೊದಲನೆಯ ಪದರ ಅಚ್ಚುಕಟ್ಟು. ಎರಡನೆಯದರಲ್ಲಿ ಕೈ ಅಲ್ಲಲ್ಲಿ ತಡವಾಗಿ ಬೀಳುತ್ತಿತ್ತು. ಪಲ್ಲವಿಗೆ ಮರಳುವ ಜಾಗದಲ್ಲಂತೂ ಪ್ರತಿ ಸಲ ಒಂದಿಷ್ಟು ನಿಂತು ಬೀಳುತ್ತಿತ್ತು. ಪಾಪ, ತಾಳ ತಪ್ಪಿದ್ದಾನೆ ಎಂದುಕೊಂಡೆ. ಮತ್ತೊಮ್ಮೆ ಬಾರಿಸು ಎನ್ನುವ ಹಾಗೂ ಇಲ್ಲ. ಅವನ ಮಾನ ಕಾಪಾಡಬೇಕೆಂದು ತೀರ್ಮಾನಿಸಿದೆ. ನನ್ನ ವೃತ್ತಿಯ ಅತಿ ಕೆಟ್ಟ ಕೆಲಸಗಳೆಲ್ಲ ಇಂಥ ಒಳ್ಳೆಯ ತೀರ್ಮಾನಗಳಿಂದಲೇ ಆಗಿವೆ.

ಎರಡನೆಯ ಪದರವನ್ನು ತೆಗೆದು ಮೊದಲನೆಯದನ್ನೇ ನಕಲು ಮಾಡಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟೆ. ಆದರೆ ನಕಲು ನಕಲೇ. ಎರಡು ಕಡೆ ಒಂದೇ ಧ್ವನಿ ಬಂದರೆ ಕಿವಿಗೆ ಅದು ನಡುವೆ ನಿಂತ ಒಂದೇ ಗಿಟಾರು. ಅಗಲ ಬರುವುದು ಮನುಷ್ಯ ಎರಡು ಸಲ ಬಾರಿಸಿದಾಗ ಬೀಳುವ ಸಣ್ಣ ಸಣ್ಣ ವ್ಯತ್ಯಾಸದಿಂದ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಡ್ಡದಾರಿ ಹಿಡಿದೆ. ಬಲಗಡೆಯ ನಕಲಿನ ಧ್ವನಿಯ ಅಲೆಯನ್ನು ತಲೆಕೆಳಗಾಗಿ ತಿರುವಿ ಹಾಕಿದೆ. ಅದಕ್ಕೊಂದು ಗುಂಡಿ ಇದೆ. ಎಡ ಸ್ಪೀಕರು ಮುಂದೆ ದೂಡುವಾಗ ಬಲದ್ದು ಹಿಂದೆ ಎಳೆಯುತ್ತದೆ. ಕೂಡಲೇ ಗಿಟಾರು ಗೋಡೆಯಿಂದ ಗೋಡೆಗೆ ಹಬ್ಬಿತು. ನನಗೇ ಸಂತೋಷವಾಯಿತು.

ಯಲ್ಲಪ್ಪ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಕಣ್ಣಲ್ಲಿ ನೀರು ಬಂತು. "ನಾ ಇಷ್ಟ ಛಲೋ ಬಾರಿಸೀನೇನ್ರಿ ಕಾಕಾ?" ಎಂದ.

"ಹೂಂ" ಎಂದೆ.

ಅವನು ಒಪ್ಪಿದ ಮೇಲೆ ನನ್ನ ಪದ್ಧತಿಯಂತೆ ಬಳಸದೆ ಉಳಿದದ್ದನ್ನು ಅಳಿಸಿದೆ. ಡಿಸ್ಕ್ ತುಂಬಬಾರದೆಂದು ಪ್ರತಿ ಕೆಲಸದ ಕೊನೆಗೂ ಹಾಗೆ ಮಾಡುತ್ತಿದ್ದೆ. ಪೆನ್‌ಡ್ರೈವನ್ನೂ ಖಾಲಿ ಮಾಡಿ, ಅದರಲ್ಲಿ ಮುಗಿದ ಹಾಡೊಂದನ್ನೇ ಹಾಕಿ ಕೊಟ್ಟೆ.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಗಿರಿಜಾಳ ಫೋನಿಗೂ ಹಾಡು ಕಳಿಸಿದೆ. ಅವಳ ಫೋನಿಗೆ ಒಂದೇ ಸ್ಪೀಕರು. ರೊಟ್ಟಿ ಬಡಿಯುತ್ತ ಕೇಳಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಅಲ್ಲರೀ, ಗಿಟಾರ್ ಎಲ್ಲೈತಿ?"

"ಫೋನಿನ್ಯಾಗ ಏನ್ ಕೇಳತೈತಿ? ಇಲ್ಲಿ ಬಂದು ಕುಂತು ಕೇಳು."

"ಡ್ರಮ್ ಕೇಳತೈತಿ, ಆಕಿ ದನಿ ಕೇಳತೈತಿ. ಗಿಟಾರ್ ಅಷ್ಟ ಫೋನಿಗಿ ಹಿಡಸಂಗಿಲ್ಲೇನು?"

"ನಿನಗ ಅದರಾಗಿಂದು ತಿಳಿಯಂಗಿಲ್ಲ ಬಿಡ" ಎಂದೆ. ಅವಳು ರೊಟ್ಟಿಗೆ ಮರಳಿದಳು. ಮೂವತ್ತು ವರ್ಷದ ಅನುಭವ ಮನುಷ್ಯನನ್ನು ಹೀಗೆ ಮಾತಾಡಿಸುತ್ತದೆ. ಡಬ್ಬಿ ಅವಳ ಹಿಂದೆಯೇ, ಕಟ್ಟೆಯ ಮೇಲೆ ಇತ್ತು.

ಮರುದಿನ ಆಟೋ ನಗರಕ್ಕೆ ಹೋದೆ. ಲೇತು, ಡ್ರಿಲ್ಲು, ಪಾನಾ, ಇಕ್ಕಳ ಎಲ್ಲ ತೊಳೆಸಿಕೊಂಡು ಕುಂಕುಮ ಹಚ್ಚಿಕೊಂಡಿದ್ದವು. ಯಲ್ಲಪ್ಪನ ಕೈ ಸಿಕ್ಕಿದ ಯಂತ್ರಕ್ಕೆ ಎಲ್ಲಕ್ಕಿಂತ ದೊಡ್ಡ ಹಾರ ಬಿದ್ದಿತ್ತು. ಹಾಕಿದವನು ಯಲ್ಲಪ್ಪನೇ ಎಂದು ಆಮೇಲೆ ತಿಳಿಯಿತು. ರೇಣುಕಾ ಖಾನಾಪುರದಿಂದ ಬಂದಿದ್ದಳು. ಆರತಿ ಆಯಿತು. ಮಾಲೀಕರು, "ಈಗ ನಮ್ಮ ಯಲ್ಲಪ್ಪನ ಗಿಟಾರ್ ಕೇಳ್ರಿ" ಎಂದು ಹೇಳಿ ಹಾಡು ಹಚ್ಚಿಸಿದರು.

ಬಾಗಿಲ ಮೇಲೆ ಕಟ್ಟಿದ್ದು ಒಂದೇ ಕೊಂಬಿನ ಸ್ಪೀಕರು.

ಡ್ರಮ್ ಬಂತು. ರೇಣುಕಾಳ ಧ್ವನಿ ಬಂತು. ಗಿಟಾರು ಬರಲಿಲ್ಲ. ಒಬ್ಬ ಎಷ್ಟು ಜೋರಾಗಿ ದೂಡುತ್ತಾನೋ ಇನ್ನೊಬ್ಬ ಅಷ್ಟೇ ಜೋರಾಗಿ ಎಳೆದರೆ ಬಾಗಿಲು ಅಲುಗುವುದಿಲ್ಲ. ನನ್ನ ಎಡ ಗಿಟಾರು, ಬಲ ಗಿಟಾರು ಆ ಒಂದೇ ಕೊಂಬಿನಲ್ಲಿ ಸೇರಿ ಒಂದನ್ನೊಂದು ಪೂರ್ತಿ ಅಳಿಸಿಕೊಂಡಿದ್ದವು. ಮೊದಲ ಸಾಲು ಮುಗಿಯುವ ಹೊತ್ತಿಗೆ ನನಗೆ ಕಾರಣ ತಿಳಿಯಿತು. ನಾಲ್ಕು ನಿಮಿಷದ ಹಾಡು. ಅಷ್ಟು ಉದ್ದದ ಹಾಡನ್ನು ನಾನು ಇನ್ನೆಂದೂ ಕೇಳಿಲ್ಲ.

ಪಕ್ಕದ ಲೇತಿನವನು ಪೇಡೆ ತಿನ್ನುತ್ತ, "ಲೇ ಯಲ್ಲಪ್ಪಾ, ನಿಂದ ಎಲ್ಲೈತಿಲೇ?" ಎಂದು ಕೇಳಿದ. ಯಲ್ಲಪ್ಪ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ, "ಕಾಕಾರು ತಗದಾರ. ಛಲೋ ಇದ್ದಿರಂಗಿಲ್ಲ" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ನಾನು ಎದ್ದು ನಿಂತು ಅಲೆ, ಎಡ, ಬಲ ಎಂದು ವಿವರಿಸಲು ಹೋದೆ. ಎಲ್ಲರೂ ಮರ್ಯಾದೆಯಿಂದ ತಲೆಯಾಡಿಸಿದರು. ಮಾಲೀಕರು ನನಗೆ ಇನ್ನೊಂದು ಪೇಡೆ ಕೊಡಿಸಿದರು. ಹೊರಡುವಾಗ ಯಲ್ಲಪ್ಪನೇ ಗೇಟಿನವರೆಗೂ ಬಂದು, "ಇರ್ಲಿ ಬಿಡ್ರಿ ಕಾಕಾ. ನೀವು ನನ್ನ ಮಾರಿ ಉಳಿಸಾಕ ಮಾಡೀರಿ, ತಿಳೀತೈತಿ" ಎಂದ. ಅವನ ಕೈ ಜೇಬಿನಲ್ಲಿತ್ತು.

ಮನೆಗೆ ಬಂದು ಗಿರಿಜಾಗೆ ಹೇಳಿದೆ. ಅವಳು, "ನನಗ ಅದರಾಗಿಂದು ತಿಳಿಯಂಗಿಲ್ಲ ಬಿಡ್ರಿ" ಎಂದು ಡಬ್ಬಿಯನ್ನು ತಂದು ನನ್ನ ದೊಡ್ಡ ಸ್ಪೀಕರುಗಳ ನಡುವೆ ಇಟ್ಟಳು.

ತಿರುವಿದ್ದನ್ನು ನೆಟ್ಟಗೆ ಮಾಡಿದರೆ ಗಿಟಾರು ಮರಳಿ ಬರುತ್ತದೆ. ಮಾಡಿದೆ. ಬಂತು. ಆದರೆ ಒಂದೇ ಗಿಟಾರು ನಟ್ಟ ನಡುವೆ ರೇಣುಕಾಳ ಧ್ವನಿಯ ಮೇಲೆಯೇ ಹತ್ತಿ ಕೂತಿತು. ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತ ಹಾಗೆ. ಹೆಚ್ಚಿಸಿದರೆ ಅವಳು ಕೇಳಿಸುವುದಿಲ್ಲ, ತಗ್ಗಿಸಿದರೆ ಅವನು ಕೇಳಿಸುವುದಿಲ್ಲ. ಅವನು ಎರಡು ಸಲ ಬಾರಿಸಿದ್ದೇ ಅದಕ್ಕಾಗಿ, ಎಡಕ್ಕೊಂದು ಬಲಕ್ಕೊಂದು ನಿಂತು ನಡುವೆ ಅವಳಿಗೆ ಜಾಗ ಬಿಡಲು. ಎರಡನೆಯ ಪದರ ಬೇಕೇ ಬೇಕಿತ್ತು. ಅದನ್ನು ನಾನು ಅಳಿಸಿದ್ದೆ, ಮತ್ತು ಅದನ್ನು ಬಾರಿಸಿದ ಕೈ ಇನ್ನೊಮ್ಮೆ ಬಾರಿಸುವಂತಿರಲಿಲ್ಲ.

ಖಾನಾಪುರದ ಬಸ್ಸು ಹತ್ತಿದೆ. ಹಾಡಿನಲ್ಲಿದ್ದ ಹಾಗೆಯೇ ಒಬ್ಬರು ಕಿಟಕಿ ಬಿಡಲಿಲ್ಲ.

ಮನೆಯಲ್ಲಿ ರೇಣುಕಾ ಇದ್ದಳು. ಯಲ್ಲಪ್ಪ ಸಂತೆಗೆ ಹೋಗಿದ್ದ. ನಾನು ಕೂಡುವ ಮೊದಲೇ ಕೇಳಿದೆ: "ನಿನ್ನ ಫೋನಿನ್ಯಾಗ ಅಂವ ಬಾರಿಸಿದ್ದು ಅದಾವೇನವಾ? ಎರಡನೇದ್ದು?"

"ಪೂಜಿ ದಿನಾ ಮನಿಗಿ ಬಂದವನ, ಎಲ್ಲಾ ಅಳಿಸಿಬಿಡು ಅಂದಾನ್ರಿ" ಎಂದಳು.

ಆಗ ಕೂತೆ.

"ನಾ ಹೂಂ ಅಂದ್ನಿ, ಅಳಿಸಿಲ್ಲ. ಅಂವ ಅಂದಿದ್ದೆಲ್ಲಾ ಮಾಡ್ಕೋತ ಕುಂತ್ರ ಸಂಸಾರ ಆಗತೈತೇನ್ರಿ?"

ಅವಳು ಹಚ್ಚಿದಳು. ಅಲ್ಲೇ ಇತ್ತು, ತಡವಾಗಿ ಬೀಳುವ ಕೈಗಳ ಸಮೇತ. ಪಲ್ಲವಿಗೆ ಮರಳುವ ಜಾಗ ಬಂದಾಗ, "ಇಲ್ಲಿ ನೋಡು, ತಾಳ ಬಿಟ್ಟಾನ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಬಿಟ್ಟಿಲ್ಲರಿ. ಮೊದಲನೇ ವಾರ ಅಂವ ಫೋನಿನ ಟಿಕ್‌ಟಿಕ್ ಕೇಳ್ಕೋತ ಬಾರಿಸಿದ. ಎರಡನೇ ವಾರ, ಟಿಕ್‌ಟಿಕ್ ಬ್ಯಾಡ, ನೀ ಬಾಜೂಕ ಕುಂತು ಹಾಡು, ನಿನ್ನ ನೋಡ್ಕೋತ ಬಾರಸ್ತೀನಿ ಅಂದ. ಅಲ್ಲೆ ನಾ ಉಸರ ತಗೋತೀನಲ್ಲರಿ, ಅದಕ್ಕ ನಿಂತಾನ."

ವಾಯರು ನೇರವಾಗಿ ಫೋನಿಗೆ ಹೋಗಿದ್ದರಿಂದ ಗಿಟಾರಿನ ಜೊತೆ ಅವಳ ಹಾಡು ರೆಕಾರ್ಡ್ ಆಗಿರಲಿಲ್ಲ. ಅವನು ಯಾರಿಗಾಗಿ ನಿಂತನೆಂದು ನನಗೆ ಕೇಳಿಸುವ ಹಾಗಿರಲಿಲ್ಲ. ಆದರೆ ಕೇಳುವ ಹಾಗಂತೂ ಇತ್ತು. ಒಂದು ಫೋನ್ ಮಾಡಿ, ಯಾಕೋ ಇಲ್ಲಿ ನಿಂತಿ ಎಂದು ಕೇಳಬಹುದಿತ್ತು. ಕೇಳಲಿಲ್ಲ, ತಪ್ಪೆಂದು ಬರೆದುಕೊಂಡೆ.

ಅಷ್ಟರಲ್ಲಿ ಯಲ್ಲಪ್ಪ ಬಂದ. ಮಿರಜಕರ ಸಾಹೇಬರ ಮಾತು ನೆನಪಾಗಿ ಮುಖ ಮುಚ್ಚಿಕೊಳ್ಳದೆ ಹೇಳಿದೆ: "ಯಲ್ಲಪ್ಪಾ, ನೀ ಎರಡೂ ಸಲ ಛಲೋ ಬಾರಿಸೀದಿ. ನಾ ಒಂದನ್ನ ಒಗದು, ಇನ್ನೊಂದನ್ನ ಕೆಡಿಸೇನಿ. ತಪ್ಪು ನಂದು. ಮತ್ತೊಮ್ಮೆ ಮಾಡಾಕ ಬಿಡ್ತೀಯೇನು?"

ಅವನು ಸಂತೆಯ ಚೀಲ ಹಿಡಿದುಕೊಂಡೇ ಹೆಂಡತಿಯ ಕಡೆ ತಿರುಗಿದ. "ಅಳಿಸು ಅಂದಿದ್ನೆಲ್ಲಾ?" ಎಂದ.

"ಆಮ್ಯಾಲ ಬೈಯುವಂತಿ. ಮೊದಲ ಚೀಲಾ ಇಳಿಸು" ಎಂದಳು ಅವಳು.

ಎಡಕ್ಕೆ ಮೊದಲನೆಯ ರವಿವಾರ, ಬಲಕ್ಕೆ ಎರಡನೆಯ ರವಿವಾರ. ಸ್ವಲ್ಪ ತಳ ಕಡಿದೆ, ಇನ್ನೇನೂ ಮಾಡಲಿಲ್ಲ. ಡಬ್ಬಿಯಲ್ಲಿ ಹಾಕಿದೆ. ಗಿರಿಜಾಳನ್ನು ಕರೆದು ಕೂರಿಸಿದೆ. ಪೂರ್ತಿ ಕೇಳಿ, "ಕೇಳಬಹುದು" ಎಂದಳು. ಅವಳಿಗೆ ಸಾಹೇಬರ ವಿಷಯ ನಾನೇ ಹೇಳಿದ್ದೆ, ತಪ್ಪು ನನ್ನದೇ.

ಒಂದು ಸಾದಾ ಮಂಗಳವಾರ ಊಟದ ಹೊತ್ತಿಗೆ ಮಾಲೀಕರು ಯಂತ್ರಗಳನ್ನು ನಿಲ್ಲಿಸಿದರು. ಹಾರಗಳು ಬಾಡಿದ್ದವು. ಯಲ್ಲಪ್ಪನಿಗೆ ಈಗ ಸಾಮಾನಿನ ಕೋಣೆಯಲ್ಲಿ ಕೆಲಸ. ಅದರ ಬಾಗಿಲಲ್ಲಿ ನಿಂತಿದ್ದ. ಅದೇ ಕೊಂಬಿನ ಸ್ಪೀಕರು. ಡ್ರಮ್ ಬಂತು, ರೇಣುಕಾ ಬಂದಳು, ಗಿಟಾರು ಬಂತು. ರೊಟ್ಟಿ ಮುರಿಯುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ಪಲ್ಲವಿಗೆ ಮರಳುವ ಜಾಗದಲ್ಲಿ ಗಿಟಾರು ಒಂದು ಕ್ಷಣ ತಡೆಯಿತು.

ಪಕ್ಕದ ಲೇತಿನವನು ಬುತ್ತಿಯಿಂದ ತಲೆ ಎತ್ತಿದ. "ಲೇ ಯಲ್ಲಪ್ಪಾ, ಅಲ್ಲೆ ತಡಾ ಆತಲ್ಲಲೇ?"

ಯಲ್ಲಪ್ಪನ ಎಡಗೈ ಜೇಬಿನಿಂದ ಹೊರಗೆ ಬಂದು ಬಾಗಿಲ ಚೌಕಟ್ಟಿನ ಮೇಲೆ ತಾಳ ಹಾಕುತ್ತಿತ್ತು. ಎರಡು ಬೆರಳು ನೆಟ್ಟಗೇ ಇದ್ದವು.

"ಆಕಿ ಉಸರ ತಗೊಳ್ಳಾಕತ್ತಾಳಲೇ" ಎಂದ. "ನಿಲ್ಲಬೇಕಲ್ಲಾ?"